ಹಿಮದ ಊರಿಗೆ ಹೊರಡುವ ಮುನ್ನ ಪ್ರವಾಸ ವಿಮೆ ಬೇಕೇ? ಕಾರವಾರದ ಕುಟುಂಬವೊಂದರ ಅನುಭವ

ಕಳೆದ ಜನವರಿಯಲ್ಲಿ ನಾವು ನಾಲ್ವರು ಕಾರವಾರದಿಂದ ಮನಾಲಿಗೆ ಹೋಗಿ ಬಂದೆವು. ಹೊರಡುವ ಮುನ್ನ ಎಂಟು ದಿನಗಳ ದೇಶೀಯ ಪ್ರವಾಸ ವಿಮೆಯೊಂದನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದೆ. ತಲಾ 400 ರೂಪಾಯಿಗೂ ಕಡಿಮೆ ಬಿದ್ದಿತ್ತು. ಈ ಸಲ ಆಯಿಯನ್ನೂ ಕರೆದುಕೊಂಡು ಗುಲ್ಮಾರ್ಗ್‌ಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿರುವುದರಿಂದ, ಅದೇ ಪಾಲಿಸಿಯನ್ನು ಮತ್ತೆ ಕೊಳ್ಳಬೇಕೇ ಎಂದು ನಿರ್ಧರಿಸಲು ಅದರ ಷರತ್ತುಗಳನ್ನು ಮೊದಲಿನಿಂದ ಕೊನೆಯವರೆಗೆ, ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಾ ಓದಿದೆ.

ಮೊದಲು ನಮಗಾದ ನಷ್ಟವನ್ನು ಹೇಳುತ್ತೇನೆ. ಸೋಲಂಗ್ ಕಣಿವೆಯಲ್ಲಿ ಬಾಡಿಗೆಯ ರಬ್ಬರ್ ಬೂಟು ಹಾಕಿಕೊಂಡು ನಡೆಯುತ್ತಿದ್ದ ನನ್ನ ಹೆಂಡತಿ, ಹಗಲು ಕರಗಿ ರಾತ್ರಿ ಮತ್ತೆ ಗಾಜಿನಂತೆ ಗಟ್ಟಿಯಾಗಿದ್ದ ಹಿಮದ ಮೇಲೆ ಕಾಲು ಜಾರಿ, ಬೀಳುವಾಗ ಎಡಗೈ ಊರಿದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಎಕ್ಸ್‌ರೇ, ಪ್ಲಾಸ್ಟರ್, ಔಷಧಿ, ಟ್ಯಾಕ್ಸಿ ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ ಖರ್ಚಾಯಿತು. ಊರಿಗೆ ಬಂದು ಕ್ಲೇಮ್ ಹಾಕಿದರೆ, ಕನಿಷ್ಠ 24 ಗಂಟೆ ಒಳರೋಗಿಯಾಗಿ ದಾಖಲಾಗಿರಬೇಕೆಂಬ ಷರತ್ತು ತೋರಿಸಿ ಕಂಪನಿ ನಿರಾಕರಿಸಿತು. ಷರತ್ತು ಪಾಲಿಸಿಯಲ್ಲಿ ಇದ್ದದ್ದು ನಿಜ. ಆದರೆ ಹಿಮದಲ್ಲಿ ಓಡಾಡುವವರಿಗೆ ಸಹಜವಾಗಿ ಆಗುವ ಪೆಟ್ಟುಗಳೆಂದರೆ ಮಣಿಕಟ್ಟು, ಪಾದದ ಗಂಟು, ಮೊಣಕಾಲು. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟರ್ ಹಾಕಿ ಅದೇ ದಿನ ಮನೆಗೆ ಕಳಿಸುತ್ತಾರೆ. ಅಂಥ ಪೆಟ್ಟಿಗೆ ಹಣ ಕೊಡದ ಪಾಲಿಸಿಯನ್ನು ‘ಅಪಘಾತ ಚಿಕಿತ್ಸೆ’ ಎಂದು ದಪ್ಪಕ್ಷರದಲ್ಲಿ ತೋರಿಸಿ ಮಾರುವುದು ನನಗೆ ಇಂದಿಗೂ ನೋವಿನ ವಿಷಯ. ಕೆಲವು ಪಾಲಿಸಿಗಳಲ್ಲಿ ಅಪಘಾತದ ಹೊರರೋಗಿ ಚಿಕಿತ್ಸೆಯೂ ಸೇರಿರುತ್ತದೆ. ಕೊಳ್ಳುವವರು ಮೊದಲು ಹುಡುಕಬೇಕಾದ ಸಾಲು ಅದು.

ಅದೇ ಪಾಲಿಸಿ ಇನ್ನೊಂದು ಕಡೆ ಕೈಹಿಡಿಯಿತು. ಮರಳುವಾಗ ದೆಹಲಿಯ ಮಂಜಿನಿಂದ ಗೋವಾ ವಿಮಾನ ಒಂಬತ್ತು ಗಂಟೆ ತಡವಾಯಿತು. ಮಂಜು ವಿಮಾನಯಾನ ಸಂಸ್ಥೆಯ ಹಿಡಿತದಲ್ಲಿ ಇಲ್ಲದ ಕಾರಣವಾದ್ದರಿಂದ ಅವರು ಪರಿಹಾರ ಕೊಡಬೇಕಾಗಿಲ್ಲ. ವಿಮೆಯವರು ಮಾತ್ರ ನಿಗದಿಯಾದ ಮೊತ್ತವನ್ನು ತಕರಾರಿಲ್ಲದೆ ಕೊಟ್ಟರು. ವಿಳಂಬದ ಅವಧಿ ಮತ್ತು ಕಾರಣವನ್ನು ಬರೆದ ಪತ್ರವನ್ನು ಮಗ ವಿಮಾನ ನಿಲ್ದಾಣದ ಕೌಂಟರ್‌ನಲ್ಲಿಯೇ ಕೇಳಿ ಪಡೆದಿದ್ದರಿಂದ ಇದು ಸಾಧ್ಯವಾಯಿತು.

ಹೋಗುವಾಗ ಮಂಗಳಾ ಎಕ್ಸ್‌ಪ್ರೆಸ್ ಹಿಡಿದಿದ್ದೆವು. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಕಾಯ್ದಿರಿಸುವಾಗ ತಲಾ 45 ಪೈಸೆಗೆ ಸಿಗುವ ವಿಮೆಯೇ ಸಾಕಲ್ಲವೇ ಎಂದು ನೆರೆಮನೆಯವರು ಕೇಳಿದ್ದರು. ಅದನ್ನು ಖಂಡಿತ ತೆಗೆದುಕೊಳ್ಳಿ, ನಾಮಿನಿಯ ಹೆಸರನ್ನೂ ತುಂಬಿ. ಆದರೆ ಅದು ರೈಲು ಪ್ರಯಾಣದಲ್ಲಿ ಆಗುವ ಅಪಘಾತಕ್ಕೆ ಮಾತ್ರ ಸಂಬಂಧಿಸಿದ್ದು.

ಈಗ ಗುಲ್ಮಾರ್ಗ್‌ನ ಪ್ರಶ್ನೆ. ಆ ಊರೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೇ ಹಂತ 4,000 ಮೀಟರ್‌ಗೆ ಸಮೀಪ ಮುಟ್ಟುತ್ತದೆ. ಸಮುದ್ರದಂಚಿನಲ್ಲಿಯೇ ಬಾಳಿದ, ರಕ್ತದೊತ್ತಡಕ್ಕೆ ದಿನವೂ ಮಾತ್ರೆ ನುಂಗುವ ಆಯಿಗೆ ಅಲ್ಲಿ ಉಸಿರಿನ ತೊಂದರೆಯಾದರೆ ಸುಮಾರು 50 ಕಿಲೋಮೀಟರ್ ದೂರದ ಶ್ರೀನಗರಕ್ಕೆ, ಅದೂ ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನದಲ್ಲಿ, ಇಳಿಸಬೇಕಾಗಬಹುದು. ಆಸ್ಪತ್ರೆಯ ಖರ್ಚಿಗೆ ನಮ್ಮ ಆರೋಗ್ಯ ವಿಮೆ ದೇಶದ ಯಾವ ಮೂಲೆಯಲ್ಲಿಯೂ ನಡೆಯುತ್ತದೆ. ಅದಕ್ಕಾಗಿ ಎರಡನೇ ಸಲ ಹಣ ಕಟ್ಟುವ ಅಗತ್ಯವಿಲ್ಲ. ರೋಗಿಯನ್ನು ಸಾಗಿಸುವ ಖರ್ಚಿನ ಮಾತು ಬೇರೆ. ತುರ್ತಿನಲ್ಲಿ ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಆಂಬ್ಯುಲೆನ್ಸ್ ಹತ್ತಿಸಬೇಕಾಗುವ ನಮ್ಮ ಜಿಲ್ಲೆಯ ಜನರಿಗೆ, ಕಾಯಿಲೆಗಿಂತ ದಾರಿಯೇ ಎಷ್ಟು ದೊಡ್ಡ ಕಷ್ಟವಾಗಬಲ್ಲದು ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಆರೋಗ್ಯ ವಿಮೆಯಲ್ಲಿ ಆಂಬ್ಯುಲೆನ್ಸ್‌ಗೆಂದು ಇಟ್ಟಿರುವ ಮೊತ್ತ ಚಿಕ್ಕದು. ಪ್ರವಾಸ ವಿಮೆಯ ತುರ್ತು ಸ್ಥಳಾಂತರದ ಭಾಗ ಆ ಕೊರತೆಯನ್ನು ತುಂಬುತ್ತದೆ. ನನ್ನ ಮಟ್ಟಿಗೆ ಇಡೀ ಪಾಲಿಸಿಯಲ್ಲಿ ಹಣ ಕೊಟ್ಟು ಕೊಳ್ಳತಕ್ಕ ಮುಖ್ಯ ಭಾಗ ಅದೇ.

ಸ್ಕೀಯಿಂಗ್, ಹಿಮದ ಸ್ಕೂಟರ್‌ನಂಥ ಸಾಹಸ ಕ್ರೀಡೆಗಳನ್ನು ಪ್ರತ್ಯೇಕ ಕಂತು ಕಟ್ಟದಿದ್ದರೆ ನಮ್ಮ ಹಳೆಯ ಪಾಲಿಸಿ ಒಳಗೊಳ್ಳುತ್ತಿರಲಿಲ್ಲ. ಹೆದರಿಕೆಯಿಂದ ಅಥವಾ ಮನಸ್ಸು ಬದಲಾಯಿಸಿ ಪ್ರವಾಸ ರದ್ದು ಮಾಡಿದರೂ ಹಣ ಬಾರದು. ಸಾಮಾನು ಕಳೆದರೆ ಕೊಡುವ ಮೊತ್ತ ಒಂದು ಒಳ್ಳೆಯ ಜಾಕೆಟ್‌ಗೂ ಸಾಲದು.

ಇಷ್ಟೆಲ್ಲ ತೂಗಿ ನೋಡಿ ಹಳೆಯ ಪಾಲಿಸಿಯನ್ನು ಕೈಬಿಟ್ಟಿದ್ದೇನೆ. ಸ್ಥಳಾಂತರ, ಅಪಘಾತದ ಹೊರರೋಗಿ ಚಿಕಿತ್ಸೆ, ಪ್ರಯಾಣ ವಿಳಂಬ ಈ ಮೂರೂ ಇರುವ, ಸುಮಾರು ಎರಡರಷ್ಟು ಬೆಲೆಯ ಬೇರೊಂದನ್ನು ಐವರಿಗೂ ಆರಿಸಿದ್ದೇನೆ. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅದೊಂದೇ ಸಾಕಾಗುವುದರಿಂದ, ಆಯಿಯ ರಕ್ತದೊತ್ತಡವನ್ನೂ ಮಾತ್ರೆಯ ಹೆಸರನ್ನೂ ಅರ್ಜಿಯಲ್ಲಿ ಬರೆದು, ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಆ ಕಾಯಿಲೆಗೂ ವಿಮೆ ಅನ್ವಯಿಸುತ್ತದೆಯೇ ಎಂದು ಇಮೇಲ್‌ನಲ್ಲಿ ಕೇಳಿದ್ದೇನೆ. ಹೌದೆಂದು ಬರಹದಲ್ಲಿ ಉತ್ತರ ಬಂದ ಮೇಲೆ ಹಣ ಕಟ್ಟುತ್ತೇನೆ.