ತೆಂಗಿನ ಚಿಪ್ಪಿನ ಕಾರ್ಬನ್: ಎಲ್ಲ ಬಣ್ಣದ ನೀರಿಗೂ ಆಗುತ್ತಾ?

ನೂಲಿಗೆ ಬಣ್ಣ ಹಾಕುವುದು ನನ್ನ ಕೆಲಸ. ಹತ್ತಿಗೆ ರಿಯಾಕ್ಟಿವ್ ಬಣ್ಣ, ಅಕ್ರಿಲಿಕ್‌ಗೆ ಬೇಸಿಕ್ ಬಣ್ಣ. ಉಳಿದ ನೀರು ಬಣ್ಣದ ಸಮೇತ ಹೊರಗೆ ಹೋಗಬಾರದು ಅನ್ನುವುದು ನನ್ನ ಹಟ. ಅದಕ್ಕೆಂದೇ ತೆಂಗಿನ ಚಿಪ್ಪಿನಿಂದ ಮಾಡಿದ ಹರಳಿನಂಥ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರಿಕೊಳ್ಳುವ, ಸಣ್ಣ ರಂಧ್ರಗಳು ತುಂಬಿದ ಇದ್ದಿಲು) ತರಿಸಿ, ಉದ್ದನೆಯ ಕೊಳವೆಗೆ ತುಂಬಿ ಬಳಸುತ್ತಿದ್ದೇನೆ. ಪಕ್ಕದಲ್ಲೇ ಮರದಿಂದ ಮಾಡಿದ ಪುಡಿ ಕಾರ್ಬನ್ನೂ ಇದೆ. ಎರಡನ್ನೂ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಮೆಚ್ಚಿದ್ದನ್ನು ಹೇಳುತ್ತೇನೆ. ಚಿಪ್ಪಿನ ಹರಳು ತುಂಬಾ ಗಟ್ಟಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುವುದಿಲ್ಲ. ಕೆಳಗಿನಿಂದ ನೀರು ಹಾಯಿಸಿ ತೊಳೆದರೂ ಸವೆಯುವುದು ಕಡಿಮೆ. ತುಂಬುವ ಮುಂಚೆ ಮಾತ್ರ ಚೆನ್ನಾಗಿ ತೊಳೆಯಬೇಕು, ಶುರುವಿನಲ್ಲಿ ಕಪ್ಪು ನೀರು ಬರುತ್ತಲೇ ಇರುತ್ತದೆ. ಆಮೇಲೆ ಒಂದು ರಾತ್ರಿ ನೆನೆಯಲು ಬಿಡಿ. ರಂಧ್ರಗಳಲ್ಲಿ ಗಾಳಿ ತುಂಬಿಕೊಂಡಿರುತ್ತದೆ. ಅದು ಹೊರಬರದಿದ್ದರೆ ನೀರು ಒಳಗೆ ಹೋಗುವುದೇ ಇಲ್ಲ.

ಅಕ್ರಿಲಿಕ್ ನೂಲಿನ ನೀರಿಗೆ ಇದು ಅದ್ಭುತ. ಪರೀಕ್ಷೆಗೆ ಮೆಥಿಲೀನ್ ಬ್ಲೂ ಎಂಬ ಬೇಸಿಕ್ ಬಣ್ಣ ಕರಗಿಸಿದ ಕಡುನೀಲಿ ನೀರನ್ನು ನಿಧಾನವಾಗಿ ಬಿಟ್ಟೆ. ಕೆಳಗೆ ಬಂದದ್ದನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಳಿ ಕಾಗದದ ಮುಂದೆ ಇಟ್ಟರೆ ನೀಲಿಯ ಸುಳಿವೂ ಇರಲಿಲ್ಲ. ನಿಧಾನ ಅನ್ನುವುದನ್ನು ಒತ್ತಿ ಹೇಳುತ್ತೇನೆ. ನೀರಿಗೆ ಕಾರ್ಬನ್ ಜೊತೆ ಹದಿನೈದು ಇಪ್ಪತ್ತು ನಿಮಿಷವಾದರೂ ಸಿಗಬೇಕು. ನಲ್ಲಿ ಜಾಸ್ತಿ ತಿರುಗಿಸಿದರೆ ಬಣ್ಣವೂ ನೀರಿನ ಜೊತೆ ಓಡಿ ಬರುತ್ತದೆ.

ಹತ್ತಿ ನೂಲಿನ ಕಪ್ಪು ನೀರಿನಲ್ಲಿ ಕಥೆ ಬೇರೆ. ರಿಯಾಕ್ಟಿವ್ ಬ್ಲ್ಯಾಕ್ 5 ಎಂಬ ಕಪ್ಪು ಬಣ್ಣ ಇದ್ದ ನೀರು ಬಿಟ್ಟರೆ ಸ್ವಲ್ಪ ಹೊತ್ತಿಗೇ ಕೊಳವೆಯ ಕೆಳಗೆ ಬಣ್ಣ ಕಾಣಿಸಿಕೊಂಡಿತು. ಕಾರ್ಬನ್ ಕೆಟ್ಟದ್ದು ಅಂತಲ್ಲ. ಒಂದು ಗ್ರಾಂ ಒಳ್ಳೆಯ ಚಿಪ್ಪಿನ ಕಾರ್ಬನ್ನಿನ ಒಳಮೈ ಬಿಡಿಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ಆದರೆ ಅದರಲ್ಲಿ ಬಹುಪಾಲು 2 ನ್ಯಾನೋಮೀಟರ್‌ಗಿಂತ ಸಣ್ಣ ರಂಧ್ರಗಳಲ್ಲಿದೆ. ಮೆಥಿಲೀನ್ ಬ್ಲೂ ಅಣುತೂಕ 320ರ ಆಸುಪಾಸು, ಅದು ಒಳಗೆ ನುಸುಳುತ್ತದೆ. ರಿಯಾಕ್ಟಿವ್ ಬ್ಲ್ಯಾಕ್ 5ರ ಅಣುತೂಕ 990ಕ್ಕೂ ಮೇಲೆ. ದೊಡ್ಡ ಮಂಚವನ್ನು ಕಿಟಕಿಯಿಂದ ಒಳಗೆ ತೂರಿಸಲು ಹೋದ ಹಾಗೆ. ಒಳಗೆ ಜಾಗ ಎಷ್ಟಿದ್ದರೇನು?

ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಅಯೋಡಿನ್ ನಂಬರ್ ಹಾಕಿರುತ್ತಾರೆ, 1000, 1100 ಅಂತ. ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತದೆ ಅನ್ನುವ ಅಳತೆ ಅದು. ಅದು ಸಣ್ಣ ರಂಧ್ರಗಳ ಲೆಕ್ಕ ಅಷ್ಟೇ. ಅಯೋಡಿನ್ ಬಹಳ ಚಿಕ್ಕದು, ಎಲ್ಲಿ ಬೇಕಾದರೂ ನುಗ್ಗುತ್ತದೆ. ಬಣ್ಣದವರಿಗೆ ಬೇಕಾದದ್ದು ಮೆಥಿಲೀನ್ ಬ್ಲೂ ನಂಬರ್, ಅಂದರೆ ಆ ಬಣ್ಣವನ್ನು ಎಷ್ಟು ಹೀರುತ್ತದೆ ಅನ್ನುವುದು. ಇನ್ನೂ ದೊಡ್ಡ ಅಣುವಿನ ಬಣ್ಣಗಳಿಗೆ ಮೊಲ್ಯಾಸಿಸ್ ನಂಬರ್, ಅಂದರೆ ಕಾಕಂಬಿಯ ಬಣ್ಣವನ್ನು ಎಷ್ಟು ಹಿಡಿಯುತ್ತದೆ ಅನ್ನುವುದು. ಇವೆರಡೂ ನನ್ನ ಚೀಲದ ಮೇಲೆ ಇರಲಿಲ್ಲ. ಇದು ನನ್ನ ಮುಖ್ಯ ದೂರು. ಫಾಸ್ಫರಿಕ್ ಆಸಿಡ್ ಬಳಸಿ ಮಾಡಿದ ಮರದ ಕಾರ್ಬನ್ನಿನಲ್ಲಿ ರಂಧ್ರಗಳು ಅಗಲವಾಗಿರುತ್ತವೆ. ಅದೇ ಕಪ್ಪು ನೀರಿಗೆ ಅದನ್ನು ಹಾಕಿ ಕಲಕಿದಾಗ ಬಣ್ಣ ಕಣ್ಣೆದುರೇ ತೆಳುವಾಯಿತು. ಆದರೆ ಪುಡಿಯ ಕಾಟ ಬಳಸಿದವರಿಗೇ ಗೊತ್ತು. ಮಾಸ್ಕ್ ಇಲ್ಲದೆ ಚೀಲ ಬಿಚ್ಚಬೇಡಿ. ಕೊನೆಯಲ್ಲಿ ಪಟಿಕ ಹಾಕಿ ತಳಕ್ಕೆ ಕೂರಿಸಿ, ಬಟ್ಟೆಯಲ್ಲಿ ಸೋಸಬೇಕು.

ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ; 7 ಸಮ, ಮೇಲೆ ಹೋದರೆ ಕ್ಷಾರ, ಕೆಳಗೆ ಹುಳಿ) ವಿಷಯವನ್ನೂ ಮಾರುವವರು ಹೇಳುವುದಿಲ್ಲ. ಸೋಡಾ ಆಶ್ ಹಾಕಿದ ಹತ್ತಿ ನೀರು 11ರ ಹತ್ತಿರ ಇರುತ್ತದೆ. ಆಗ ಕಾರ್ಬನ್ನಿನ ಮೈ ಋಣ ವಿದ್ಯುತ್ತಿನದು, ರಿಯಾಕ್ಟಿವ್ ಬಣ್ಣವೂ ಋಣ. ಒಂದನ್ನೊಂದು ದೂಡುತ್ತವೆ. ಆಸಿಡ್ ಹಾಕಿ 7ಕ್ಕಿಂತ ಸ್ವಲ್ಪ ಕೆಳಗೆ ತಂದರೆ ಹಿಡಿತ ಸುಧಾರಿಸುತ್ತದೆ. ಸೋಡಾಕ್ಕೆ ಆಸಿಡ್ ತಾಗಿ ನೊರೆ ಉಕ್ಕುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಿ. ಗುಳ್ಳೆ ಪೂರ್ತಿ ಅಡಗಿದ ಮೇಲೆಯೇ ಕೊಳವೆಗೆ ಬಿಡಿ, ಇಲ್ಲದಿದ್ದರೆ ಹರಳುಗಳ ನಡುವೆ ಗ್ಯಾಸ್ ಸಿಕ್ಕಿಕೊಳ್ಳುತ್ತದೆ. ಬೇಸಿಕ್ ಬಣ್ಣ ಧನ ವಿದ್ಯುತ್ತಿನದು, ಆದ್ದರಿಂದ ಅದಕ್ಕೆ ಇದು ತಿರುಗುಮುರುಗು, ಪಿಎಚ್ ಮೇಲಿದ್ದರೇ ಒಳ್ಳೆಯದು.

ಲೋಟದಲ್ಲಿ ತಿಳಿ ನೀರು ಕಂಡ ಮಾತ್ರಕ್ಕೆ ಶುದ್ಧವಾಯಿತು ಅಂದುಕೊಳ್ಳಬೇಡಿ. ಹತ್ತಿಗೆ ಹಾಕಿದ ಉಪ್ಪು ಹಾಗೇ ಇರುತ್ತದೆ. ಕಾರ್ಬನ್ ಉಪ್ಪನ್ನು ಮುಟ್ಟುವುದೇ ಇಲ್ಲ. ಈ ನೀರನ್ನು ನಾನು ಗಿಡಕ್ಕೆ ಹಾಕುವುದಿಲ್ಲ.

ಅಕ್ರಿಲಿಕ್ ನೀರು ಜಾಸ್ತಿ ಇರುವವರು ಚಿಪ್ಪಿನ ಹರಳನ್ನು ಧೈರ್ಯವಾಗಿ ಕೊಳ್ಳಿ. ಹತ್ತಿಯದೇ ಜಾಸ್ತಿ ಅಂದರೆ ಮರದ ಕಾರ್ಬನ್ ಕೇಳಿ. ಮೊದಲು ಸ್ಯಾಂಪಲ್ ತರಿಸಿ ನಿಮ್ಮದೇ ನೀರಿನಲ್ಲಿ ಕಲಕಿ ನೋಡಿ. ಬಳಸಿದ ಕಾರ್ಬನ್ನನ್ನು ವಾಪಸ್ ತಗೊಳ್ಳುತ್ತೀರಾ ಅಂತಲೂ ಮಾರುವವರನ್ನು ಕೇಳಿ. ಹೀರಿದ ಬಣ್ಣ ನಾಶವಾಗಿರುವುದಿಲ್ಲ, ಅದರೊಳಗೇ ಕೂತಿರುತ್ತದೆ. ಅದನ್ನು ಮತ್ತೆ ಬಳಕೆಗೆ ತರಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆ ಬೇಕು, ಚಿಕ್ಕ ಘಟಕದಲ್ಲಿ ಆಗುವ ಕೆಲಸವಲ್ಲ. ನನಗೆ ಮಾರಿದವರು ವಾಪಸ್ ತಗೊಳ್ಳುವುದಿಲ್ಲ ಅಂದರು. ಮುಂದಿನ ಚೀಲವನ್ನು ವಾಪಸ್ ತಗೊಳ್ಳುವ ಮಾರಾಟಗಾರರಿಂದಲೇ ತರುತ್ತೇನೆ.