ಝರಿಯಾದ ಗಾಳಿಗೆ ಪಿಎಂಎಸ್ 5003 ಮೀಟರ್: ಚಳಿಗಾಲಕ್ಕೆ ಸೈ, ಬೇಸಿಗೆಗೆ ಸಾಲದು

ಪಿಎಂಎಸ್ 5003 ಸೆನ್ಸರ್ ಕೂರಿಸಿದ ಗಾಳಿ ಮೀಟರ್‌ಗಳು ಧೂಳನ್ನು ತೂಗುವುದಿಲ್ಲ. ಪುಟ್ಟ ಫ್ಯಾನ್ ಗಾಳಿಯನ್ನು ಒಳಗೆಳೆಯುತ್ತದೆ, ಲೇಸರ್ ಬೆಳಕು ಕಣಕ್ಕೆ ಬಿದ್ದು ಚದುರುತ್ತದೆ, ಆ ಚದುರಿಕೆ ನೋಡಿ ತೂಕ ಅಂದಾಜಾಗುತ್ತದೆ. ಜಾರ್ಖಂಡಿನಲ್ಲಿ ಧನಬಾದಿನ ಪಕ್ಕದ ಝರಿಯಾದಂಥ ಕಲ್ಲಿದ್ದಲು ಸೀಮೆಯಲ್ಲಿ ಈ ಅಂದಾಜು ಎಷ್ಟು ಸರಿ ಎನ್ನುವುದು ಯಾವ ತಿಂಗಳು ಎಂಬುದರ ಮೇಲೆ ನಿಂತಿದೆ.

ಡಿಸೆಂಬರ್, ಜನವರಿಗೆ ಇದು ಒಳ್ಳೆಯ ಸಾಧನ. ರಾತ್ರಿ ನೆಲ ತಣ್ಣಗಾದಾಗ ಮೇಲಿನ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಕಲ್ಲಿದ್ದಲು ಒಲೆಗಳ ಹೊಗೆಯೂ 1916ರಿಂದ ಉರಿಯುತ್ತಿರುವ ನೆಲದಡಿಯ ಬೆಂಕಿಯ ಹೊಗೆಯೂ ಕೇರಿ ಬಿಟ್ಟು ಕದಲುವುದಿಲ್ಲ. ಹೊಗೆಯ ಕಣ ಸಣ್ಣದು, ಲೇಸರ್‌ಗೆ ಸಿಗುವಂಥದ್ದು. ಸಂಜೆ ಒಲೆ ಹಚ್ಚಿದಾಗಿನ ಏರಿಕೆ, ಬಿಸಿಲೇರಿದ ಮೇಲಿನ ಇಳಿಕೆ ಎರಡನ್ನೂ ಹಿಡಿಯುತ್ತದೆ. ಮಧ್ಯಾಹ್ನದ ಅಂಕಿ ನೋಡಿ ನಿರಾಳವಾಗಬೇಡಿ, ಪಿಎಂ 2.5ರ (2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳ) ಭಾರತದ ಮಿತಿಯಾದ ಘನಮೀಟರಿಗೆ 60 ಮೈಕ್ರೋಗ್ರಾಂ ಇರುವುದು 24 ಗಂಟೆಯ ಸರಾಸರಿಗೆ.

ತೊಂದರೆ ಮಂಜಿನದು. ತೇವ ಹೆಚ್ಚಾದರೆ ಕಣ ನೀರು ಕುಡಿದು ಉಬ್ಬುತ್ತದೆ, ಮೀಟರ್ ಅದನ್ನೂ ಧೂಳೆಂದೇ ಎಣಿಸುತ್ತದೆ. ಅಮೆರಿಕದಲ್ಲಿ ಬಳಸುವ ತಿದ್ದುಪಡಿ ಹೀಗಿದೆ: ಸಿಎಫ್-1 ಅಂಕಿಯನ್ನು (ಸೆನ್ಸರ್ ಕೊಡುವ ಕಚ್ಚಾ ಪಿಎಂ 2.5 ಅಂಕಿ) 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಕಳೆದು, 5.75 ಕೂಡಿಸಿ. 200 ತೋರಿಸಿ ತೇವಾಂಶ 85 ಇದ್ದರೆ ಸಿಗುವುದು ಸುಮಾರು 103. ಅಲ್ಲಿನ ಗಾಳಿಗೆ ಕಟ್ಟಿದ ಸೂತ್ರ ಇಲ್ಲಿಗೆ ಹಾಗೇ ಒಗ್ಗುವುದಿಲ್ಲ, ಆದರೆ ತಪ್ಪು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಅಳತೆಗೋಲಾದೀತು. ಜೋರಾಪೋಖರ್‌ನಲ್ಲಿರುವ ರಾಜ್ಯ ಮಾಲಿನ್ಯ ಮಂಡಳಿಯ ಕೇಂದ್ರದ ಅಂಕಿಯೊಡನೆ ಹೋಲಿಸಿ ನಿಮ್ಮದೇ ಗುಣಕ ಕಟ್ಟಿಕೊಳ್ಳುವುದು ಮೇಲು. ಅದೂ ಪ್ರತಿ ಋತುವಿಗೊಂದು.

ಏಪ್ರಿಲ್ ಬಂತೆಂದರೆ ಮೀಟರ್ ಸೋಲುತ್ತದೆ. ಆಗಿನ ಕಾಟ ಡಂಪರ್ ಓಡಾಡುವ ರಸ್ತೆಯದು, ಗಣಿಯ ಮೇಲ್ಮಣ್ಣಿನ ಗುಡ್ಡದ್ದು. ಚಿಮುಕಿಸಿದ ನೀರು ಬೇಗ ಆರಿಹೋಗುತ್ತದೆ, ಬಿಸಿಗಾಳಿ ಧೂಳೆಬ್ಬಿಸುತ್ತದೆ. ಭಾರವಾದ ದಪ್ಪ ಕಣ ತಿರುವಿನ ಹಾದಿಯಲ್ಲಿ ಸೆನ್ಸರ್ ತನಕ ಸರಿಯಾಗಿ ತಲುಪುವುದೇ ಇಲ್ಲ. ಕಪ್ಪು ಕಲ್ಲಿದ್ದಲ ಪುಡಿ ಬೆಳಕನ್ನು ಹೀರುವುದರಿಂದ ಚದುರಿಕೆಯೂ ಕಮ್ಮಿ. ಕಿಟಕಿಯ ಹಲಗೆಗೆ ಬೆರಳಾಡಿಸಿದರೆ ಮಸಿ ಮೆತ್ತುವ ದಿನವೂ ಪಿಎಂ 10ರ (10 ಮೈಕ್ರಾನ್‌ವರೆಗಿನ ಕಣಗಳ) ಅಂಕಿ ಪಿಎಂ 2.5ಕ್ಕೆ ಅಂಟಿಕೊಂಡೇ ಇರುತ್ತದೆ. ಆ ಪಿಎಂ 10 ಅಂಕಿ ನಂಬಿ ಗಣಿಯವರ ಮೇಲೆ ದೂರು ಕೊಟ್ಟರೆ ನಿಮ್ಮ ದೂರೇ ಬಿದ್ದುಹೋಗುತ್ತದೆ.

ಮಳೆಗಾಲದಲ್ಲಿ ಗಾಳಿ ತೊಳೆದಂತಾಗುತ್ತದೆ. ಆದರೆ ಬೆಂಕಿ ಉರಿಯುವ ನೆಲದ ಬಿರುಕಿಗಿಳಿದ ನೀರು ಆವಿಯಾಗಿ ಮೇಲೆದ್ದಾಗ ಆ ಹನಿಗಳೂ ಕಣಗಳಾಗಿ ಎಣಿಕೆಯಾಗುತ್ತವೆ. ಮಳೆ ಬಿಟ್ಟ ಮೇಲೆ ಟಯರಿಗೆ ಮೆತ್ತಿ ರಸ್ತೆಗೆ ಬಂದ ಕೆಸರು ಒಣಗಿ ಮತ್ತೆ ಧೂಳಾಗುತ್ತದೆ.

ಒಲೆಯಿಂದ ದೂರ, ಸೂರಿನ ಕೆಳಗೆ, ಗಾಳಿ ಸೇರುವ ಬಾಯಿ ಮೇಲ್ಮುಖವಾಗದಂತೆ ತೂಗುಹಾಕಿ. ಬಾಯಿಗೆ ಧೂಳು ಕಟ್ಟಿದರೆ ಫ್ಯಾನ್ ನಿಧಾನವಾಗಿ ಅಂಕಿ ಸದ್ದಿಲ್ಲದೆ ಇಳಿಯುತ್ತದೆ, ಗಾಳಿ ಚೆನ್ನಾಯಿತೆಂದು ನೀವು ತಿಳಿಯುತ್ತೀರಿ. ವಿದ್ಯುತ್ ತೆಗೆದು ರಬ್ಬರ್ ಬಲ್ಬಿನಿಂದ ಊದಿ, ಕಂಪ್ರೆಸರ್ ಬೇಡ. ಎರಡು ಮೀಟರ್ ಪಕ್ಕಪಕ್ಕ ಇಟ್ಟರೆ ಯಾವುದು ಕೆಟ್ಟಿತೆಂದು ಬೇಗ ಸುಳಿವು ಸಿಗುತ್ತದೆ. ಬಿರುಕುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಇದಕ್ಕೆ ಕಾಣುವುದೇ ಇಲ್ಲ. ಅದಕ್ಕೆ ಬೇರೆಯೇ ಅಲಾರಂ ಕೊಳ್ಳಬೇಕು.