ನಾಲಿಗೆಯ ಒತ್ತಡ ಅಳೆಯಲು ಬಲೂನೋ, ಹಾಳೆಯೋ?

ಸಾಧನ ಕೊಳ್ಳುವ ಮೊದಲು ಒಂದು ಮಾತು. ನಿಮಗೆ ತಿಳಿಯಬೇಕಿರುವುದು ನಾಲಿಗೆಯ ಬಲವೋ, ನುಂಗುವಾಗಿನ ಒತ್ತಡವೋ? ಎರಡೂ ಒಂದೇ ಅಲ್ಲ.

ನಾಲಿಗೆಯ ಬಲ ಅಳೆಯುವ ಸಾಧನಗಳಾದ ಅಮೆರಿಕದ ಐಓಪಿಐ, ಜಪಾನಿನ ಜೆಎಂಎಸ್ ಎರಡರಲ್ಲೂ ಗಾಳಿ ತುಂಬಿದ ಪುಟ್ಟ ಬಲೂನು ಇರುತ್ತದೆ. ಅದನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ಇಟ್ಟು, ತುಟಿ ಮುಚ್ಚಿ, ನಾಲಿಗೆಯಿಂದ ಜೋರಾಗಿ ಒತ್ತಬೇಕು. ಅಂಕಿ ಒತ್ತಡದ ಮಾನವಾದ ಕಿಲೋಪ್ಯಾಸ್ಕಲ್‌ನಲ್ಲಿ ಬರುತ್ತದೆ. ಐಓಪಿಐನಲ್ಲಿ ಒತ್ತಿದಂತೆಲ್ಲ ದೀಪಗಳು ಮೇಲೇರುತ್ತವೆ. ಪಾರ್ಶ್ವವಾಯು ಆದವರಿಗೆ ದಿನಾ ನಾಲಿಗೆಯ ವ್ಯಾಯಾಮ ಮಾಡಿಸಲು ಇದು ತುಂಬಾ ಅನುಕೂಲ, ಗುರಿ ಕಣ್ಣೆದುರೇ ಇರುತ್ತದಲ್ವಾ! ಜೆಎಂಎಸ್‌ನಲ್ಲಿ ಗಟ್ಟಿ ಉಂಗುರವನ್ನು ಮುಂದಿನ ಹಲ್ಲುಗಳಲ್ಲಿ ಹಿಡಿಯುವುದರಿಂದ ಬಲೂನು ಅಷ್ಟಾಗಿ ಜಾರದು. ಜಪಾನಿನಲ್ಲಿ ವಯಸ್ಸಾದವರ ಬಾಯಿ ಪರೀಕ್ಷೆಯಲ್ಲಿ 30 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಂದರೆ ಬಲ ಕಮ್ಮಿ ಅಂತ ಲೆಕ್ಕ. ಆ ಗಡಿಯನ್ನು ಸುಮ್ನೆ ಐಓಪಿಐ ಅಂಕಿಗೆ ಹಚ್ಚಬೇಡಿ. ಎರಡರ ಬಲೂನೂ ಬೇರೆ, ಅಂಕಿಯೂ ಬೇರೆ.

ಆದರೆ ಬಾಯಲ್ಲಿ ಬಲೂನು ಇಟ್ಟುಕೊಂಡು ಯಾರೂ ಎಂದಿನಂತೆ ನುಂಗಲಾರರು. ನುಂಗುವುದನ್ನೇ ನೋಡಬೇಕಿದ್ದರೆ ಅಂಗುಳಕ್ಕೆ ಅಂಟಿಸುವ ತೆಳು ಸೆನ್ಸರ್ ಹಾಳೆ ಮೇಲು. ಅದರ ದಪ್ಪ ಸುಮಾರು 0.1 ಮಿಲಿಮೀಟರ್, ಅಳೆಯುವ ಜಾಗ 5. ನಾಲಿಗೆ ಮೊದಲು ಎಲ್ಲಿ ತಾಗಿತು, ಎಷ್ಟು ಹೊತ್ತು ಒತ್ತಿತು ಅನ್ನುವುದೂ ಗೊತ್ತಾಗುತ್ತದೆ. ಅಂಟಿಸಲು ತಾಳ್ಮೆ ಬೇಕು, ಹೆಚ್ಚಾಗಿ ಸಂಶೋಧನೆಯಲ್ಲೇ ಬಳಕೆ.

ಗಂಟಲಿನ ಒತ್ತಡ ಬೇಕಿದ್ದರೆ ಇವು ಯಾವುವೂ ಸಾಲವು. ಅದಕ್ಕೆ ಮೂಗಿನಿಂದ ನಳಿಕೆ ಇಳಿಸುವ ಮಾನೋಮೆಟ್ರಿಯೇ ಆಗಬೇಕು. ಚಿಕ್ಕ ಕ್ಲಿನಿಕ್‌ಗೆ, ವ್ಯಾಯಾಮವೇ ಮುಖ್ಯವಾದರೆ, ನಾನು ಐಓಪಿಐ ಅನ್ನೇ ಆರಿಸುತ್ತೇನೆ.